ಹೈಬ್ರಿಡ್ ಕಾರಿನ ಬ್ಯಾಟರಿ: ಮೊದಲು ಕಾಗದ, ಆಮೇಲೆ ಪಾನಾ

2024ರ ಏಪ್ರಿಲ್‌ನ ಒಂದು ಮಧ್ಯಾಹ್ನ ತಿಪಟೂರಿನಿಂದ ಸೋದರಮಾವ ಫೋನ್ ಮಾಡಿದರು. "ಕಾರಿನಲ್ಲಿ ಕೆಂಪು ತ್ರಿಕೋನ ಹತ್ತಿಕೊಂಡಿದೆ ಕಣಪ್ಪ. ಹಿಂದಿನ ಸೀಟಿನ ಒಳಗೆ ಏನೋ ಒಂದೇ ಸಮನೆ ಭೋರ್ ಎನ್ನುತ್ತಿದೆ. ತರಲೋ, ಇಲ್ಲೇ ನಿಲ್ಲಿಸಲೋ?"

ಬ್ಯಾಟರಿಯ ಗುರುತು ಎಷ್ಟು ಕಡ್ಡಿ ತೋರಿಸುತ್ತಿದೆ ಎಂದು ಕೇಳಿದೆ. ಈಗ ಎರಡು, ಐದು ನಿಮಿಷದ ಹಿಂದೆ ಪೂರ್ತಿ ತುಂಬಿತ್ತು ಎಂದರು. ಅಷ್ಟು ಸಾಕಿತ್ತು. ಇಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿ ಹೀಗೆ ಏರುಪೇರು ತೋರಿಸಿದರೆ ಅದರೊಳಗೆ ಎಲ್ಲೋ ಒಂದು ಕಡೆ ಶಕ್ತಿ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಹೋಗಿದೆ ಎಂದೇ ಅರ್ಥ. "ಮಾವ, ಬಿಸಿಲು ಇಳಿಯುವವರೆಗೆ ನೆರಳಲ್ಲಿ ನಿಲ್ಲಿಸಿ. ಆಮೇಲೆ ಎಸಿ ಜೋರಾಗಿ ಹಾಕಿ, ಗಾಜು ಏರಿಸಿಕೊಂಡು, ನಿಧಾನವಾಗಿ ಬನ್ನಿ. ಹಿಂದಿನ ಸೀಟಿನ ಮೇಲೆ ಏನಾದರೂ ಇಟ್ಟಿದ್ದರೆ ತೆಗೆಯಿರಿ" ಎಂದೆ. ಆ ಬ್ಯಾಟರಿಯನ್ನು ತಂಪಾಗಿಡುವುದು ಕಾರಿನೊಳಗಿನ ಗಾಳಿಯೇ. ನಾವು ಕೂತ ಜಾಗ ತಂಪಾಗಿದ್ದರೆ ಅದೂ ತಂಪಾಗಿರುತ್ತದೆ.

ಕಿಬ್ಬನಹಳ್ಳಿ ಕ್ರಾಸ್, ನಿಟ್ಟೂರು, ಗುಬ್ಬಿ ದಾಟಿ ಅವರು ತುಮಕೂರು ಸೇರಿ, ಅಂತರಸನಹಳ್ಳಿ ಹತ್ತಿರದ ನನ್ನ ಅಂಗಡಿ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ನಾನು ಇಪ್ಪತ್ತು ವರ್ಷದಿಂದ ವಾಹನಗಳ ವಿದ್ಯುತ್ ಕೆಲಸ ಮಾಡುತ್ತಿದ್ದೇನೆ. ಸೆಲ್ಫ್ ಮೋಟಾರ್, ಆಲ್ಟರ್ನೇಟರ್, ವೈರಿಂಗ್ ನನ್ನ ನಿತ್ಯದ ಕೆಲಸ. ಹೈಬ್ರಿಡ್ ಕಾರುಗಳು ಬರತೊಡಗಿದ ಮೇಲೆ ಹೆಚ್ಚಿನ ವೋಲ್ಟೇಜಿನ ಕೆಲಸಕ್ಕೆಂದೇ ತರಬೇತಿ ಪಡೆದು, ಬೇಕಾದ ಸಲಕರಣೆಗಳನ್ನೂ ಕೊಂಡಿದ್ದೇನೆ. ಈ ಕಾರಿನ ಕೆಲಸವನ್ನು ಮೊದಲ ದಿನದಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ನೋಡಿಕೊಂಡೇ ಇಲ್ಲಿ ಬರೆಯುತ್ತಿದ್ದೇನೆ. ಕಾರಿನ ಕಂಪನಿಯ ಹೆಸರು ಬೇಡ. ಈ ಬ್ಯಾಟರಿ ಹೋದದ್ದು ಕಂಪನಿಯ ತಪ್ಪಿನಿಂದಲ್ಲ.

ಮೊದಲ ಸಂಜೆ. ಓಡಿದ್ದು 1,38,210 ಕಿಲೋಮೀಟರ್.

ಮೊದಲು ನೋಡಿದ್ದು ದೊಡ್ಡ ಬ್ಯಾಟರಿಯನ್ನಲ್ಲ, ಡಿಕ್ಕಿಯ ಮೂಲೆಯ 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು. ಹೈಬ್ರಿಡ್ ಕಾರಿನ ಕಂಪ್ಯೂಟರುಗಳೆಲ್ಲ ನಡೆಯುವುದು ಅದರಿಂದಲೇ. ಅದು ಸೊರಗಿದರೆ ಫಲಕದಲ್ಲಿ ಸಂಬಂಧವೇ ಇಲ್ಲದ ಹತ್ತು ದೀಪಗಳು ಹತ್ತುತ್ತವೆ. ಎಷ್ಟೋ ಜನ ಅದನ್ನು ನೋಡಿ ದೊಡ್ಡ ಬ್ಯಾಟರಿಯೇ ಹೋಯಿತೆಂದು ಗಾಬರಿಯಾಗಿ ಬಂದಿದ್ದಾರೆ, ಚಿಕ್ಕದನ್ನು ಬದಲಿಸಿಕೊಂಡು ನೆಮ್ಮದಿಯಾಗಿ ಹೋಗಿದ್ದಾರೆ. ಇಲ್ಲಿ ಮೀಟರ್ 12.6 ತೋರಿಸಿತು. ಅದು ಚೆನ್ನಾಗಿತ್ತು.

ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿದಾಗ ಬಂದ ದೋಷದ ಸಂಕೇತ ಪಿ0ಎ80. ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸಿ ಎಂಬುದು ಅದರ ಅಕ್ಷರಾರ್ಥ. ಅಷ್ಟನ್ನೇ ಓದಿ ಗ್ರಾಹಕನಿಗೆ ಹೊಸ ಪ್ಯಾಕಿನ ದರ ಹೇಳುವವರಿದ್ದಾರೆ. ಆದರೆ ಕಂಪ್ಯೂಟರ್ ಈ ಸಂಕೇತ ಕೊಡುವುದು ಬ್ಯಾಟರಿಯ ಭಾಗಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಮಿತಿ ಮೀರಿದಾಗ. ಯಾವ ಭಾಗ, ಎಷ್ಟು ವ್ಯತ್ಯಾಸ, ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಈ ಕಾರಿನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. 1.2 ವೋಲ್ಟಿನ ಆರು ಸೆಲ್ ಸೇರಿ 7.2 ವೋಲ್ಟಿನ ಒಂದು ಮಾಡ್ಯೂಲ್. ಅಂಥ 34 ಮಾಡ್ಯೂಲ್ ಸಾಲಾಗಿ ಕೂತು 244.8 ವೋಲ್ಟ್. ಕಂಪ್ಯೂಟರ್ ಅವನ್ನು ಎರಡೆರಡಾಗಿ, ಅಂದರೆ 17 ಬ್ಲಾಕುಗಳಾಗಿ ಗಮನಿಸುತ್ತದೆ. ಸ್ಕ್ಯಾನರಿನ ಪರದೆಯಲ್ಲಿ ಹದಿನೇಳೂ ಬ್ಲಾಕುಗಳನ್ನು ನೋಡಿದೆ. ಹದಿನಾರು ಬ್ಲಾಕುಗಳು 15.6ರ ಆಸುಪಾಸಿನಲ್ಲಿದ್ದವು, ಹತ್ತನೆಯದು 14.4. ಮೋಟಾರಿನ ಭಾರ ಬಿದ್ದಾಗ ಉಳಿದವು 14.6ಕ್ಕೆ ಇಳಿದರೆ ಹತ್ತನೆಯದು 12ಕ್ಕೆ ಬಿತ್ತು. ಒಂದು ಸೆಲ್ ಸತ್ತರೆ ಒಂದೂಕಾಲು ವೋಲ್ಟಿನಷ್ಟು ಹೋಗುತ್ತದೆ. ಲೆಕ್ಕ ಸರಿಹೋಯಿತು. ಒಟ್ಟು 204 ಸೆಲ್‌ಗಳಲ್ಲಿ ಒಂದು ಸತ್ತಿತ್ತು.

ಆ ರಾತ್ರಿ ಅಲ್ಲಿಗೇ ನಿಲ್ಲಿಸಿದೆ. ಒಂದು ಬೋಲ್ಟನ್ನೂ ಬಿಚ್ಚಲಿಲ್ಲ.

ಎರಡನೆಯ ದಿನ ಪೂರ್ತಿ ಕಾಗದದ ಕೆಲಸ.

ಮಾವ ಈ ಕಾರನ್ನು 2021ರ ಕೊನೆಯಲ್ಲಿ ಎರಡನೆಯ ಕೈಯಿಂದ ಕೊಂಡಿದ್ದರು. "ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇದೆ ಅಂದಿದ್ದರಪ್ಪ. ನಾನು ತೆಗೆದುಕೊಂಡು ಮೂರು ವರ್ಷವೂ ಆಗಿಲ್ಲ" ಎಂದರು. ಅವರ ದನಿಯಲ್ಲಿ ದೃಢವಾದ ನಂಬಿಕೆಯಿತ್ತು. ಮಾರಿದವನು ಬಾಯಿಮಾತಿನಲ್ಲಿ ಹೇಳಿದ್ದ ಆ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು. ಹಳೆಯ ಹೈಬ್ರಿಡ್ ಕೊಳ್ಳುವವರು ಮೋಸ ಹೋಗುವುದು ಹೆಚ್ಚಾಗಿ ಈ ಎರಡರಲ್ಲೇ.

ಮೊದಲನೆಯದು ದಿನಾಂಕ. ವಾರಂಟಿಯ ಅವಧಿ ಶುರುವಾಗುವುದು ಕಾರು ಮೊದಲ ಮಾಲೀಕನ ಕೈಗೆ ಸೇರಿದ ದಿನದಿಂದ. ನೀವು ಕೊಂಡ ದಿನದಿಂದಲ್ಲ, ನಿಮ್ಮ ಹೆಸರಿಗೆ ಆರ್‌ಸಿ ಬದಲಾದ ದಿನದಿಂದಲೂ ಅಲ್ಲ. ಎರಡನೆಯ ಮಾಲೀಕನಿಗೆ ಸಿಗುವುದು ಉಳಿದದ್ದು ಮಾತ್ರ. ಈ ಕಾರು ಮೊದಲು ಮಾರಾಟವಾದದ್ದು 2016ರ ಮಾರ್ಚ್‌ನಲ್ಲಿ. ಎಂಟು ವರ್ಷ ಎಂದೇ ಇಟ್ಟುಕೊಂಡರೂ ಅದು ಹಿಂದಿನ ತಿಂಗಳಿಗೇ ಮುಗಿದಿತ್ತು.

ಎರಡನೆಯದು ಇನ್ನೂ ಸೂಕ್ಷ್ಮ. ಒಂದೇ ಕಂಪನಿಯ ವಾರಂಟಿ ಎಲ್ಲ ವರ್ಷದ ಕಾರುಗಳಿಗೂ ಒಂದೇ ಆಗಿರುವುದಿಲ್ಲ. ಟೊಯೊಟಾ ಉದಾಹರಣೆಯನ್ನೇ ನೋಡಿ. ಭಾರತದಲ್ಲಿ ಅದರ ಹೈಬ್ರಿಡ್ ಬ್ಯಾಟರಿಯ ವಾರಂಟಿ ಮೊದಲು ಮೂರು ವರ್ಷ ಅಥವಾ 1,00,000 ಕಿಲೋಮೀಟರ್ ಇತ್ತು. 2021ರ ಆಗಸ್ಟ್ 1ರಿಂದ ಅದನ್ನು ಎಂಟು ವರ್ಷ ಅಥವಾ 1,60,000 ಕಿಲೋಮೀಟರಿಗೆ ಏರಿಸಿದರು. ಇವತ್ತು ಎಲ್ಲರ ಬಾಯಲ್ಲಿರುವುದು ಹೊಸ ಸಂಖ್ಯೆ. ಹಳೆಯ ಕಾರು ಮಾರುವವನೂ ಅದನ್ನೇ ಹೇಳುತ್ತಾನೆ, ಕೊಳ್ಳುವವನೂ ಎಲ್ಲೋ ಅದನ್ನೇ ಓದಿರುತ್ತಾನೆ. ಆದರೆ ಲೆಕ್ಕಕ್ಕೆ ಬರುವುದು ನಿಮ್ಮ ಕಾರಿನ ಜೊತೆ ಬಂದ ಪುಸ್ತಕದಲ್ಲಿರುವ ಮಾತು. ಮಾವನ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ, ವಿಮೆಯ ಹಳೆಯ ಕಾಗದಗಳ ಅಡಿಯಲ್ಲಿ, ಆ ವಾರಂಟಿ ಪುಸ್ತಕ ಮಡಿಕೆಯೂ ಬಿಡದೆ ಹೊಸದರಂತೆ ಕೂತಿತ್ತು. ಅದರಲ್ಲಿ ಎಂಟು ವರ್ಷ ಎಂಬ ಮಾತೇ ಇರಲಿಲ್ಲ. ಅವರು ಕೊಳ್ಳುವ ಮೊದಲೇ ಬ್ಯಾಟರಿಯ ವಾರಂಟಿ ಮುಗಿದುಹೋಗಿತ್ತು.

ಮಾವ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆವತ್ತು ಇದನ್ನು ತೆರೆದು ನೋಡಿದ್ದರೆ ಬೆಲೆಯಲ್ಲಿ ಅಷ್ಟನ್ನು ಮುರಿದುಕೊಳ್ಳಬಹುದಿತ್ತು ಅಲ್ಲವಾ?" ಎಂದರು. ಹೌದು, ಮಾವ. ಕೊಬ್ಬರಿಯ ಒಂದು ಚೀಲ ಕೊಳ್ಳುವಾಗ ಅಡಿಯಿಂದ ಎರಡು ಗಿಟುಕು ತೆಗೆದು ಒಡೆದು ನೋಡದೆ ಬೆಲೆ ಹೇಳದ ವ್ಯಾಪಾರಿ ಅವರು.

ಇಲ್ಲಿ ಇನ್ನೊಬ್ಬರ ಕಥೆ ಹೇಳಲೇಬೇಕು. ಮರುವರ್ಷ ಒಬ್ಬರು ಬೇರೊಂದು ಹೈಬ್ರಿಡ್ ತಂದರು. ದಿನವೂ ಬೆಂಗಳೂರಿಗೆ ಹೋಗಿ ಬರುವವರು, ವಾರದ ಕೊನೆಗೆ ಇನ್ನೂ ದೂರ ಓಡಿಸುವವರು. ಕಾರಿಗೆ ಮೂರೇ ವರ್ಷ, ಆದರೆ ಓಡಿದ್ದು 1,58,640 ಕಿಲೋಮೀಟರ್. ವಾರಂಟಿ ಎಂಟು ವರ್ಷ ಅಥವಾ 1,60,000, ಯಾವುದು ಮೊದಲೋ ಅದು. ಅವರ ಲೆಕ್ಕದಲ್ಲಿ ಇನ್ನೂ ಐದು ವರ್ಷ ಇತ್ತು. ನಿಜವಾಗಿ ಇದ್ದದ್ದು ಹತ್ತು ದಿನದಷ್ಟು ಓಡಾಟ. ದೀಪ ಒಮ್ಮೆ ಹತ್ತಿ ತಾನೇ ಆರಿತ್ತು, ಆದ್ದರಿಂದ ಮುಂದಿನ ಸರ್ವಿಸ್‌ಗೆ ತೋರಿಸೋಣ ಎಂದಿದ್ದರು. ನಾನು ಕಾರನ್ನು ಮುಟ್ಟಲಿಲ್ಲ. ಸಂಕೇತದ ಫೋಟೊ ತೆಗೆದುಕೊಟ್ಟು, ಇವತ್ತೇ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗಿ, ದೂರನ್ನು ಜಾಬ್ ಕಾರ್ಡಿನಲ್ಲಿ, ಅಂದರೆ ಅವರ ಕೆಲಸದ ಚೀಟಿಯಲ್ಲಿ ಬರೆಸಿ, ಕಿಲೋಮೀಟರ್ ಸಂಖ್ಯೆ ನಮೂದಾಗಿದೆಯೇ ನೋಡಿ, ಪ್ರತಿ ಇಟ್ಟುಕೊಳ್ಳಿ ಎಂದೆ. ಬ್ಯಾಟರಿ ನಿಜವಾಗಿ ಕೈಕೊಟ್ಟದ್ದು ಎರಡು ತಿಂಗಳ ಮೇಲೆ, ಮಿತಿ ದಾಟಿದ ನಂತರ. ಆದರೆ ಮಿತಿಯೊಳಗೆ ದಾಖಲಾದ ದೂರು ಇತ್ತು. ಹೊಸ ಪ್ಯಾಕ್ ಹಣವಿಲ್ಲದೆ ಬಂತು.

ವಾರಂಟಿ ಒಂದು ದಿನ ಉಳಿದಿದ್ದರೂ ಪ್ಯಾಕಿನ ಮುಚ್ಚಳಕ್ಕೆ ನಾನಾಗಲಿ ಬೇರೆ ಯಾರಾಗಲಿ ಕೈ ಹಚ್ಚಬಾರದು. ಹೊರಗಿನವರು ಬಿಚ್ಚಿದ್ದಾರೆ ಎಂಬ ಒಂದು ಗುರುತು ಸಾಕು, ಕಂಪನಿ ಇಲ್ಲವೆನ್ನಲು. ನೀರು ನುಗ್ಗಿದ್ದು, ಅಪಘಾತದ ಪೆಟ್ಟು, ಹೊರಗಿನಿಂದ ಜೋಡಿಸಿದ ವೈರಿಂಗ್ ಇವೂ ಬಹುತೇಕ ಪುಸ್ತಕಗಳಲ್ಲಿ ಹೊರಗಿಟ್ಟ ಕಾರಣಗಳು. ವಿಮೆಯವರು ಕೊಡುತ್ತಾರೆಯೇ ಎಂದು ಮಾವ ಕೇಳಿದರು. ವಯಸ್ಸಾಗಿ ಸವೆದ ಬ್ಯಾಟರಿಗೆ ಸಾಮಾನ್ಯ ಮೋಟಾರು ವಿಮೆಯಲ್ಲಿ ಹಣವಿಲ್ಲ. ಸವೆತ ಮತ್ತು ಯಾಂತ್ರಿಕ, ವಿದ್ಯುತ್ ದೋಷಗಳನ್ನು ಆ ಪಾಲಿಸಿ ಹೊರಗಿಡುತ್ತದೆ. ವಾರಂಟಿ ಇದ್ದೂ ಕೊಡದಿದ್ದರೆ ಮಾತು ಬೇರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಜಾಬ್ ಕಾರ್ಡಿನ ಪ್ರತಿ ಅಲ್ಲಿಯೂ ಬೇಕಾಗುತ್ತದೆ.

ಮಾವನಿಗೆ ಇದ್ಯಾವುದೂ ಅನ್ವಯಿಸುತ್ತಿರಲಿಲ್ಲ. ವಾರಂಟಿ ಮುಗಿದದ್ದು ಖಚಿತವಾದ ಮೇಲೆ ಬಿಚ್ಚಲು ಅಡ್ಡಿ ಇರಲಿಲ್ಲ.

ಮೂರನೆಯ ದಿನ, ಪ್ಯಾಕ್ ಹೊರಗೆ.

ಇದನ್ನು ಓದಿ ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮನೆಯ 230 ವೋಲ್ಟಿನ ಕರೆಂಟು ಒಂದು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ. ಬ್ಯಾಟರಿಯ ನೇರ ಕರೆಂಟು ಇಳಿಯುವುದೇ ಇಲ್ಲ. ಅದರ ಕಿಡಿ ಹತ್ತಿಕೊಂಡರೆ ಲೋಹ ಕರಗುವವರೆಗೆ ಆರುವುದಿಲ್ಲ. ಪ್ಯಾಕಿನಿಂದ ಹೊರಟದ್ದನ್ನು, ಮೋಟಾರಿಗೆ ಕರೆಂಟು ಒದಗಿಸುವ ಇನ್ವರ್ಟರ್ 600 ವೋಲ್ಟಿಗಿಂತ ಮೇಲಕ್ಕೆ ಏರಿಸುತ್ತದೆ, ಅದರೊಳಗಿನ ಕೆಪಾಸಿಟರುಗಳಲ್ಲಿ ಕಾರು ಆರಿಸಿದ ಮೇಲೂ ಶಕ್ತಿ ಉಳಿದಿರುತ್ತದೆ.

ಕೀಲಿಯನ್ನು ಅಂಗಡಿಯ ಆಚೆ, ಮಾವ ಕೂತಿದ್ದ ಚಹಾದ ಅಂಗಡಿಗೆ ಕಳಿಸಿದೆ. ಚಿಕ್ಕ ಬ್ಯಾಟರಿಯ ಋಣ ತಂತಿ ತೆಗೆದೆ. ಸಾವಿರ ವೋಲ್ಟಿನ ರಬ್ಬರ್ ಕೈಗವಸನ್ನು ಮಣಿಕಟ್ಟಿನಿಂದ ಸುರುಳಿ ಸುತ್ತಿ, ಒಳಗಿನ ಗಾಳಿ ಬೆರಳುಗಳಿಗೆ ತುಂಬಿ ನಿಲ್ಲುತ್ತದೆಯೇ ಎಂದು ನೋಡಿದೆ. ಸೂಜಿಯಷ್ಟು ರಂಧ್ರವಿದ್ದರೂ ಗಾಳಿ ಸೋರುತ್ತದೆ. ಸೋರಲಿಲ್ಲ. ಪ್ಯಾಕಿನ ಕರೆಂಟನ್ನು ಕಡಿಯುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಎಳೆದು ನನ್ನದೇ ಜೇಬಿಗೆ ಹಾಕಿಕೊಂಡೆ, ಬೇರೆ ಯಾರೂ ಅದನ್ನು ಮರಳಿ ಚುಚ್ಚಬಾರದೆಂದು. ಆಮೇಲೆ ಗಡಿಯಾರ ನೋಡಿ ಹತ್ತು ನಿಮಿಷ ಕಾದೆ. ಇನ್ವರ್ಟರಿನ ತುದಿಗಳಲ್ಲಿ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಪಾನಾ ಹಿಡಿದದ್ದು. ಆದರೂ ಪ್ಯಾಕಿನ ಒಳಗೆ ಮಾಡ್ಯೂಲುಗಳು ಜೀವಂತವೇ ಇರುತ್ತವೆ. ಅಲ್ಲಿ ಕೈಗವಸು ತೆಗೆಯುವಂತಿಲ್ಲ, ಉಂಗುರ, ವಾಚು, ಸೊಂಟದ ಬೆಲ್ಟಿನ ಲೋಹ ಯಾವುದೂ ಇರುವಂತಿಲ್ಲ.

ಹಿಂದಿನ ಸೀಟು ತೆಗೆದು ಗಾಳಿಯ ಕೊಳವೆ ಬಿಚ್ಚಿದಾಗ ಕಾರಣ ತಾನಾಗಿಯೇ ಕಣ್ಣಿಗೆ ಬಿತ್ತು. ಫ್ಯಾನಿನ ಚಕ್ರ ಅಳಿಲಿನ ಪಂಜರದಂತೆ ಸುತ್ತಲೂ ಸಣ್ಣ ಎಲೆಗಳಿರುವಂಥದ್ದು. ಆ ಎಲೆಗಳ ನಡುವೆ ಬೆಳಕು ತೂರದಷ್ಟು ಕಂದು ಬಣ್ಣದ ಹತ್ತಿಯಂಥದ್ದು ತುಂಬಿತ್ತು. ಉಗುರಿನಿಂದ ಕೆದಕಿದರೆ ಕಂಬಳಿಯ ತುಂಡಿನಂತೆ ಒಟ್ಟಾಗಿ ಕಿತ್ತು ಬಂತು. ಬೆರಳಲ್ಲಿ ಉಜ್ಜಿ ನೋಡಿದೆ. ತೆಂಗಿನ ನಾರಿನ ಪುಡಿ, ಗೋಣಿಯ ಎಳೆ, ಅದಕ್ಕೆ ಕೊಬ್ಬರಿಯ ಜಿಡ್ಡು ಹಿಡಿದು ಕಟ್ಟಿದ ಪದರ. ಮೂಗಿಗೆ ಹಿಡಿದರೆ ಕಮಟು ಎಣ್ಣೆಯ ವಾಸನೆ.

ಮಾವನನ್ನು ಕರೆದು ಅಂಗೈಯಲ್ಲಿಟ್ಟು ತೋರಿಸಿದೆ. ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾದರಿಯ ಚೀಲ ಹಿಂದಿನ ಸೀಟಿನ ಮೇಲೇ ಇಡುತ್ತಿದ್ದೆ. ಡಿಕ್ಕಿಯಲ್ಲಿಟ್ಟರೆ ಬಿಸಿಗೆ ಕೊಬ್ಬರಿ ಬಣ್ಣಗೆಡುತ್ತದೆ ಅಂತ" ಎಂದರು.

ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಇರುವುದು ಆ ಸೀಟಿನ ಬಳಿಯೇ. ಕೊಬ್ಬರಿ ಕೆಡಬಾರದೆಂದು ತಂಪಿನಲ್ಲಿಟ್ಟ ಚೀಲ ಎರಡು ವರ್ಷ ಬ್ಯಾಟರಿಯ ಉಸಿರಿಗೆ ಅಡ್ಡ ಕೂತಿತ್ತು. ಫ್ಯಾನು ತನ್ನ ಶಕ್ತಿ ಮೀರಿ ತಿರುಗುತ್ತಿದ್ದದ್ದೇ ಅವರು ಕೇಳಿದ ಭೋರ್ ಎಂಬ ಸದ್ದು. ಆ ವರ್ಷದ ಬೇಸಿಗೆಯೂ ಸುಡುವಂತಿತ್ತು. ಪ್ಯಾಕಿನ ನಡುವಿನ ಮಾಡ್ಯೂಲುಗಳಿಗೆ ಎರಡೂ ಬದಿಯಿಂದ ನೆರೆಯವರ ಬಿಸಿ ತಾಗುತ್ತದೆ, ಆದ್ದರಿಂದ ಮೊದಲು ಸೋಲುವುದು ಅವೇ. ಹತ್ತನೆಯ ಬ್ಲಾಕ್ ಇದ್ದದ್ದು ನಡುಮಧ್ಯದ ಹತ್ತಿರ.

ಈ ಜಾಲರಿಯನ್ನು ಒಮ್ಮೆ ನೋಡಿದ್ದರೂ ಸಾಕಿತ್ತು. ಹೊಸ ಬ್ಯಾಟರಿ ಹಾಕಿಸಿಕೊಂಡು, ಈ ಫ್ಯಾನನ್ನು ಹಾಗೆಯೇ ಬಿಟ್ಟಿದ್ದರೆ ಹೊಸದೂ ಇದೇ ದಾರಿ ಹಿಡಿಯುತ್ತಿತ್ತು. ಅದಕ್ಕೇ ನನಗೆ, ಸಂಕೇತ ಓದಿ ನೇರವಾಗಿ ಪ್ಯಾಕ್ ಬದಲಿಸುವ ಕೆಲಸದ ಮೇಲೆ ಸಿಟ್ಟು.

ಮಾಡ್ಯೂಲುಗಳಿಗೆ ಬಿಳಿ ಬಣ್ಣದಲ್ಲಿ 1ರಿಂದ 34ರವರೆಗೆ ಸಂಖ್ಯೆ ಬರೆದು, ಪ್ರತಿ ಹಂತದ ಫೋಟೊ ತೆಗೆದೆ. ಇವನ್ನು ಒಂದರ ಪಕ್ಕ ಒಂದು ದಿಕ್ಕು ಬದಲಿಸಿ ಕೂರಿಸಿರುತ್ತಾರೆ, ಒಂದರ ಧನ ತುದಿಯ ಪಕ್ಕಕ್ಕೆ ಮುಂದಿನದರ ಋಣ ತುದಿ ಬರುವಂತೆ. ಮರಳಿ ಜೋಡಿಸುವಾಗ ಒಂದನ್ನು ತಿರುಗಿಸಿ ಕೂರಿಸಿದರೆ ಅನಾಹುತ. ಜೋಡಿಸುವ ತಾಮ್ರದ ಪಟ್ಟಿಗಳು ಕೆಲವು ಕಡೆ ಹಸಿರು ಕಿಲುಬು ಹಿಡಿದಿದ್ದವು. ಹುಣಸೆಹಣ್ಣಿನ ರಸದಲ್ಲಿ ನೆನೆಸಿ, ನಮ್ಮ ಮನೆಯಲ್ಲಿ ದೇವರ ಸಾಮಾನು ಉಜ್ಜುವಂತೆಯೇ ಉಜ್ಜಿ, ಎರಡು ಸಲ ಶುದ್ಧ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಬರೀ ತಾಮ್ರಕ್ಕೆ ಇದು ಸರಿ. ನಿಕಲ್ ಲೇಪವಿರುವ ಪಟ್ಟಿಯಾದರೆ ಉಜ್ಜಬಾರದು, ಲೇಪ ಹೋಗುತ್ತದೆ.

ಪರೀಕ್ಷೆಗೆ ಬಳಸಿದ್ದು 55 ವ್ಯಾಟಿನ ಹೆಡ್‌ಲೈಟ್ ಬಲ್ಬು. ಒಂದೊಂದು ಮಾಡ್ಯೂಲಿಗೂ ಎರಡು ನಿಮಿಷ ಬಲ್ಬು ಹಚ್ಚಿ, ಮೊದಲಿನ ಮತ್ತು ಕೊನೆಯ ವೋಲ್ಟೇಜ್ ಬರೆದುಕೊಳ್ಳುವುದು. ಹೆಚ್ಚಿನವು 7.8ರಿಂದ 7.4ಕ್ಕೆ ಬಂದು ನಿಂತವು. ಹತ್ತೊಂಬತ್ತನೆಯದು ಶುರುವಿನಲ್ಲೇ 6.6, ಎರಡು ನಿಮಿಷಕ್ಕೆ 5.1, ಬಲ್ಬು ಕೆಂಪಗೆ ಮಂಕಾಯಿತು. ಹದಿನಾರು ಮತ್ತು ಇಪ್ಪತ್ತೆರಡು ಶುರುವಿನಲ್ಲಿ ಸರಿಯಾಗಿಯೇ ಕಂಡು, ಕೊನೆಗೆ 7ಕ್ಕಿಂತ ಕೆಳಗಿಳಿದವು. ಸುಮ್ಮನೆ ವೋಲ್ಟೇಜ್ ಅಳೆದಿದ್ದರೆ ಆ ಎರಡು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಭಾರ ಹೊರಿಸಿದಾಗಲೇ ಅವುಗಳ ಸವೆತ ತಿಳಿದದ್ದು.

ಇನ್ನು ಆಯ್ಕೆಯ ಪ್ರಶ್ನೆ. ಮಾವನ ಎದುರು ಒಂದೊಂದನ್ನೇ ಬಿಡಿಸಿಟ್ಟೆ.

ಕಂಪನಿಯ ಹೊಸ ಪ್ಯಾಕ್ ಎಲ್ಲಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ದುಬಾರಿ. ಬಿಡಿಭಾಗಕ್ಕೆ ಪ್ರತ್ಯೇಕ ವಾರಂಟಿ ಇರುತ್ತದೆ, ಅದರ ಅವಧಿ ಬಿಲ್ಲಿನ ಮೇಲೆ ಇರಬೇಕು. ಆದರೆ ವಾರಂಟಿಯೊಳಗೆ ಉಚಿತವಾಗಿ ಬದಲಾದ ಪ್ಯಾಕಿಗೆ ಅವಧಿ ಹೊಸದಾಗಿ ಶುರುವಾಗುತ್ತದೆ ಎಂದುಕೊಳ್ಳಬೇಡಿ. ಬಹುತೇಕ ಕಡೆ ಹಳೆಯ ಅವಧಿಯ ಉಳಿಕೆಯೇ ಮುಂದುವರಿಯುತ್ತದೆ.

ದುರಸ್ತಿ ಮಾಡಿದ ಪ್ಯಾಕ್ ಎಂದು ಮಾರುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಅದರಲ್ಲಿ ಏನನ್ನು ದುರಸ್ತಿ ಮಾಡಿದ್ದಾರೆ ಎಂಬುದೇ ನೋಡಬೇಕಾದದ್ದು. ಸತ್ತ ಎರಡನ್ನು ತೆಗೆದು ಬೇರೆ ಹಳೆಯ ಎರಡನ್ನು ಸೇರಿಸಿ ಮುಚ್ಚಳ ಮುಚ್ಚಿದ್ದರೆ, ನೀವು ಕೊಂಡದ್ದು ಇನ್ನೊಬ್ಬರ ಹಳೆಯ ಬ್ಯಾಟರಿಯನ್ನೇ. ಪ್ರತಿ ಮಾಡ್ಯೂಲಿನ ಪರೀಕ್ಷೆಯ ಅಂಕಿಗಳನ್ನು ಕೇಳಿ. ಕೊಡದವನಿಂದ ಕೊಳ್ಳಬೇಡಿ. ಅವರು ಹೇಳುವ ಆರು ತಿಂಗಳೋ ಒಂದು ವರ್ಷವೋ ವಾರಂಟಿಯಲ್ಲಿ ಕೆಟ್ಟರೆ ಹಣ ಬರುತ್ತದೆಯೋ, ಇನ್ನೊಂದು ಹಳೆಯ ಪ್ಯಾಕ್ ಬರುತ್ತದೆಯೋ, ಬಿಚ್ಚಿ ಹಾಕುವ ಕೂಲಿ ಯಾರದು, ಬೆಂಗಳೂರಿಗೆ ಕಾರು ಸಾಗಿಸುವ ಖರ್ಚು ಯಾರದು ಎಂಬುದನ್ನೂ ಬರೆಸಿಕೊಳ್ಳಿ.

ಹೊರಗಿನ ತಯಾರಕರ ಹೊಸ ನಿಕಲ್ ಸೆಲ್ಲುಗಳ ಪ್ಯಾಕುಗಳೂ ಬರುತ್ತವೆ. ಇಲ್ಲಿ ಕೇಳಬೇಕಾದದ್ದು ತಯಾರಾದ ದಿನಾಂಕ. ನಿಕಲ್ ಬ್ಯಾಟರಿ ಸುಮ್ಮನೆ ಕೂತಲ್ಲೇ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದದ್ದು ಹೊಸದಲ್ಲ. ಲಿಥಿಯಂ ಸೆಲ್ ಹಾಕಿಕೊಡುತ್ತೇವೆ ಎನ್ನುವವರ ಮಾತಿಗೆ ನಾನು ಒಪ್ಪಲಿಲ್ಲ. ಕಾರಿನ ಕಂಪ್ಯೂಟರ್ ನಿಕಲ್ ಬ್ಯಾಟರಿಯ ಸ್ವಭಾವಕ್ಕೆ ತಕ್ಕಂತೆ ಚಾರ್ಜ್ ಮಾಡಲು ಕಲಿತದ್ದು. ಲಿಥಿಯಂ ಸೆಲ್ಲುಗಳನ್ನು ಒಂದೊಂದಾಗಿ ಕಾಯುವ ವ್ಯವಸ್ಥೆ ಅದರಲ್ಲಿಲ್ಲ. ಮೊಮ್ಮಕ್ಕಳು ಕೂರುವ ಸೀಟಿನ ಬೆನ್ನಿಗೆ ಅದನ್ನು ಇಡಲು ನನ್ನ ಮನಸ್ಸು ಬರಲಿಲ್ಲ.

ಕೊನೆಯದು, ಕೆಟ್ಟ ಮಾಡ್ಯೂಲುಗಳನ್ನಷ್ಟೇ ಬದಲಿಸುವುದು. ಖರ್ಚು ಬಹಳ ಕಡಿಮೆ. "ಎಷ್ಟು ದಿನ ಬರುತ್ತದೆ?" ಎಂದರು ಮಾವ. "ಹೇಳಲಾರೆ ಮಾವ. ಉಳಿದ ಮೂವತ್ತೊಂದಕ್ಕೂ ಎಂಟು ವರ್ಷ ವಯಸ್ಸಾಗಿದೆ, ಅವೂ ಅದೇ ಬಿಸಿ ತಿಂದಿವೆ. ಇದು ನಿಮಗೆ ಸಮಯ ಕೊಡುತ್ತದೆ, ಹೊಸ ಬ್ಯಾಟರಿ ಕೊಡುವುದಿಲ್ಲ." ಆ ವರ್ಷ ಅವರ ಮೊಮ್ಮಗಳನ್ನು ಇಂಜಿನಿಯರಿಂಗ್‌ಗೆ ಸೇರಿಸುವ ಖರ್ಚು ಎದುರಿಗಿತ್ತು. ದಸರಾ ದಾಟಿದರೆ ಕೈಯಲ್ಲಿ ಹಣ ಆಡುತ್ತದೆ ಎಂದರು. ಹಾಗೆಂದು ತಿಳಿದೇ ಆ ದಾರಿ ಹಿಡಿದೆವು.

ಮೇ ತಿಂಗಳ ಮೊದಲ ವಾರ. ಅಪಘಾತವಾದ ಕಾರಿನಿಂದ ತೆಗೆದ ಐದು ಮಾಡ್ಯೂಲುಗಳನ್ನು ತಂದು, ಅದೇ ಬಲ್ಬಿನ ಪರೀಕ್ಷೆ ಮಾಡಿ, ನಮ್ಮವಕ್ಕೆ ಹತ್ತಿರದ ಗುಣದ ಮೂರನ್ನು ಆರಿಸಿದೆ. ಅತಿ ಚೆನ್ನಾಗಿರುವುದನ್ನು ಹಾಕಬಾರದು. ದುರ್ಬಲರ ಸಾಲಿನಲ್ಲಿ ಬಲಿಷ್ಠ ಒಂದಿದ್ದರೂ ಬ್ಲಾಕುಗಳ ವ್ಯತ್ಯಾಸ ಮತ್ತೆ ಕಂಪ್ಯೂಟರಿನ ಕಣ್ಣಿಗೆ ಬೀಳುತ್ತದೆ. ಚಾರ್ಜ್ ಮಾಡುವಾಗ ಮಾಡ್ಯೂಲುಗಳನ್ನು ಎರಡು ಹಲಗೆಗಳ ನಡುವೆ ಬಿಗಿದು ಕಟ್ಟಿದ್ದೆ, ಇಲ್ಲದಿದ್ದರೆ ಒಳಗಿನ ಒತ್ತಡಕ್ಕೆ ಉಬ್ಬುತ್ತವೆ. ಎಲ್ಲವನ್ನೂ ಸಮ ವೋಲ್ಟೇಜಿಗೆ ತಂದು ಜೋಡಿಸಿದೆ. ಪಟ್ಟಿಯ ನಟ್ಟುಗಳಿಗೆ 5.4 ನ್ಯೂಟನ್ ಮೀಟರ್ ಬಿಗಿ. ಇದು ಕೈಯಂದಾಜಿನ ಕೆಲಸವಲ್ಲ. ಹೆಚ್ಚು ಬಿಗಿದರೆ ತುದಿಯೇ ಮುರಿದು ಬರುತ್ತದೆ, ಸಡಿಲವಾದರೆ ಕಾದು ಕರಗುತ್ತದೆ. ಟಾರ್ಕ್ ರೆಂಚ್ ಇಲ್ಲದವರು ಈ ಕೆಲಸಕ್ಕೆ ಇಳಿಯಬಾರದು.

ಫ್ಯಾನಿನ ಚಕ್ರವನ್ನು ಸೋಪಿನ ನೀರಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಎಲೆ ತಿಕ್ಕಿ ಒಣಗಿಸಿದೆ. ಅದಕ್ಕೇ ಅರ್ಧ ದಿನ ಹಿಡಿಯಿತು. ಸಂಜೆ ಕ್ಯಾತ್ಸಂದ್ರದವರೆಗೆ ಓಡಿಸಿ, ತಟ್ಟೆ ಇಡ್ಲಿ ತಿಂದು, ಮರಳಿ ಬಂದು ಅಳೆದಾಗ ಹದಿನೇಳೂ ಬ್ಲಾಕುಗಳ ನಡುವಿನ ಅಂತರ 0.2 ವೋಲ್ಟಿನೊಳಗಿತ್ತು. ಫ್ಯಾನಿನ ಸದ್ದು ಕಿವಿಗೊಟ್ಟರೆ ಮಾತ್ರ ಕೇಳುತ್ತಿತ್ತು.

ನವೆಂಬರ್ 2024. 1,47,900 ಕಿಲೋಮೀಟರ್. ಕೆಂಪು ತ್ರಿಕೋನ ಮತ್ತೆ ಬಂತು. ಈ ಸಲ ಏಳನೆಯ ಬ್ಲಾಕ್. ನಾವು ಹಾಕಿದ ಮೂರೂ ಮಾಡ್ಯೂಲುಗಳು ಚೆನ್ನಾಗಿದ್ದವು, ಹಳೆಯವುಗಳಲ್ಲಿ ಇನ್ನೊಂದು ಹೋಗಿತ್ತು. ಇನ್ನೊಂದು ಬದಲಿಸಿದರೆ ಇನ್ನೂ ಆರು ತಿಂಗಳು ಸಿಗುತ್ತಿತ್ತೇನೋ. ಆದರೆ ಪ್ರತಿ ಸಲವೂ ಅದೇ ಅಪಾಯದ ಕೆಲಸ, ಅದೇ ಕೂಲಿ, ಮಾವನಿಗೆ ನಡುರಸ್ತೆಯಲ್ಲಿ ನಿಲ್ಲುವ ಅದೇ ಭಯ. ಮಾವನೇ ಹೇಳಿದರು, "ಸಾಕು. ಹೊಸದು ಹಾಕಿಬಿಡೋಣ."

ಡಿಸೆಂಬರಿನಲ್ಲಿ ಕಂಪನಿಯ ಹೊಸ ಪ್ಯಾಕನ್ನು ಕಂಪನಿಯವರ ಕೈಯಿಂದಲೇ ಹಾಕಿಸಿದೆವು. ನಾನೇ ಹಾಕಬಹುದಿತ್ತು, ಕೂಲಿ ಉಳಿಯುತ್ತಿತ್ತು. ಆದರೆ ಅಧಿಕೃತ ಕೇಂದ್ರದಲ್ಲಿ ಜೋಡಿಸಿದರೆ ಮಾತ್ರ ಬಿಡಿಭಾಗದ ವಾರಂಟಿ ಎಂಬ ಷರತ್ತು ಅವರ ಕಾಗದದಲ್ಲಿತ್ತು. ಉಳಿಸುವ ಕೂಲಿಗಿಂತ ಆ ಕಾಗದದ ಬೆಲೆ ದೊಡ್ಡದು. ಬಿಲ್ಲಿನಲ್ಲಿ ಪ್ಯಾಕಿನ ಕ್ರಮಸಂಖ್ಯೆ, ಹಾಕಿದ ದಿನದ ಕಿಲೋಮೀಟರ್, ವಾರಂಟಿಯ ಅವಧಿ ಮೂರನ್ನೂ ಬರೆಸಿಕೊಂಡೆವು. ಹಳೆಯ ಪ್ಯಾಕನ್ನು ಅವರೇ ಇಟ್ಟುಕೊಂಡರು. ಗುಜರಿಯವನೊಬ್ಬ ನಿಕಲ್ಲಿನ ಆಸೆಗೆ ಅಂಗಡಿಗೆ ಎರಡು ಸಲ ಬಂದು ಕೇಳಿ ಹೋಗಿದ್ದ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಡಲಿಯಿಂದ ಒಡೆದು ಕೆರೆ ದಂಡೆಯಲ್ಲಿ ಕ್ಷಾರ ಚೆಲ್ಲುವವನಿಗೆ ಅದನ್ನು ಕೊಡುವ ಮಾತೇ ಇರಲಿಲ್ಲ.

ಹೊಸ ಹೈಬ್ರಿಡ್ ಕೊಳ್ಳುವವರು ಈಚೆಗೆ ಅಂಗಡಿಗೆ ಬಂದು ಕೇಳುತ್ತಾರೆ, ಆದ್ದರಿಂದ ಒಂದು ಮಾತು. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್‌ನಲ್ಲಿ ಇವತ್ತಿಗೂ ಇದೇ ನಿಕಲ್ ಬ್ಯಾಟರಿ, ಮಾರುತಿಯ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಲಿಥಿಯಂ. ಎರಡಕ್ಕೂ ಬ್ಯಾಟರಿಯ ವಾರಂಟಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್. ಆದರೆ ಹೈಬ್ರಿಡ್ ಎಂದು ಹಿಂದೆ ಬರೆದುಕೊಂಡ ಎಲ್ಲ ಕಾರಿಗೂ ಈ ಮಾತು ಅನ್ವಯಿಸುವುದಿಲ್ಲ. ಇಂಜಿನ್ನಿಗೆ ಚೂರು ಕೈಹಚ್ಚುವಷ್ಟೇ ಶಕ್ತಿಯ ಪುಟ್ಟ ಬ್ಯಾಟರಿಯ ಮೈಲ್ಡ್ ಹೈಬ್ರಿಡ್‌ಗಳ ಷರತ್ತು ಬೇರೆ. ಮುಂಗಡ ಕೊಡುವ ಮೊದಲು ಆ ಪುಟವನ್ನು ತೆರೆಸಿ ಓದಿ.

ಈ ವರ್ಷ ಯುಗಾದಿಯ ಹಿಂದಿನ ವಾರ ಮಾವ ಕಾರು ತಂದಿದ್ದರು. ಜಾಲರಿ ತೆಗೆದು ಫ್ಯಾನ್ ನೋಡಿದೆ. ತೆಳ್ಳಗೆ ಧೂಳು, ನಾರು ಇಲ್ಲ. ಬ್ಲಾಕುಗಳು ಒಂದರಿಂದ ಒಂದು 0.1 ವೋಲ್ಟಿನ ಅಂತರದಲ್ಲಿ. ಮಾದರಿಯ ಕೊಬ್ಬರಿ ಈಗ ಮುಂದಿನ ಸೀಟಿನ ಕಾಲಬುಡದಲ್ಲಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಇರುತ್ತದೆ. ವಾರಂಟಿಯ ಕಾಗದವನ್ನು ಅತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ.